ಪರಿಹಾರದ ಖರ್ಚು ಯಾರ ಹೆಸರಿಗೆ?

ಪ್ರತಿ ಸಂಚಿಕೆಯಲ್ಲಿ ಯಾರಾದರೂ ಒಬ್ಬರನ್ನು ಕೂಡಿಸಿಕೊಂಡು ಮಾತಾಡಿಸ್ತೀನಿ. ಈ ಸಲ ಅತಿಥಿ ಇಲ್ಲ. ಸಿಂಧನೂರು ಕಡೆಯ ಒಂದು ಪದವಿ ಕಾಲೇಜಿನವರು, ‘ನಮ್ಮ ಮಕ್ಕಳು ಪರಿಸರದ ಸಮಸ್ಯೆ ಮತ್ತು ಪರಿಹಾರದ ಮೇಲೆ ಐದೈದು ನಿಮಿಷದ ಕಥೆ ರೆಕಾರ್ಡ್ ಮಾಡಿದ್ದಾರೆ, ಬಂದು ಕೇಳಿ ನಾಲ್ಕು ಮಾತು ಹೇಳ್ರಿ’ ಅಂತ ಕರೆದಿದ್ರು. ಅಲ್ಲಿ ಆಡಿದ ಮಾತೇ ಇವತ್ತಿನ ಸಂಚಿಕೆ. ಕೇಳಿ.

ಎಲ್ಲರಿಗೂ ನಮಸ್ಕಾರ. ನಾನು ಇದೇ ಸೀಮೆಯವನು, ವಳಕಮದಿನ್ನಿ ಕಡೆಯವನು. ಓದಿದ್ದು ಬಿ.ಕಾಂ. ಪರಿಸರ ವಿಜ್ಞಾನ ನನ್ನ ವಿಷಯ ಅಲ್ಲ. ನನಗೆ ಗೊತ್ತಿರೋದು ಎರಡೇ: ಮೈಕ್ ಹಿಡಿಯೋದು, ಲೆಕ್ಕ ಬರೆಯೋದು. ಇವತ್ತು ಆ ಎರಡನ್ನೂ ಕೂಡಿಸಿ ಮಾತಾಡ್ತೀನಿ.

ನಿಮ್ಮ ಕಥೆಗಳನ್ನ ಎಲ್ಲಾ ಕೇಳಿದೆ. ಇಪ್ಪತ್ತರ ಮೇಲೆ ಇದ್ವು. ಪ್ಲಾಸ್ಟಿಕ್ ಬಗ್ಗೆ ಇದ್ವು, ಗಿಡ ನೆಡೋದರ ಬಗ್ಗೆ ಇದ್ವು, ಓಜೋನ್ ಪದರ ಇತ್ತು, ಹಿಮಕರಡಿನೂ ಇತ್ತು. ಯಾವುದೂ ಸುಳ್ಳಲ್ಲ. ಆದರೆ ಅವುಗಳಲ್ಲಿ ಬಹಳಷ್ಟು ಕಥೆಗಳಿಂದ ಸಿಂಧನೂರು ಅನ್ನೋ ಹೆಸರು ತೆಗೆದು ಶಿವಮೊಗ್ಗ ಅಂತ ಹಾಕಿದರೆ ಒಂದು ವಾಕ್ಯವೂ ಬದಲಾಗಲ್ಲ. ಕೊನೆಗೆ ‘ನಾವೆಲ್ಲರೂ ಕೈಜೋಡಿಸಬೇಕು’ ಅಂತ ಮುಗೀತಾವೆ. ಯಾರು ಕೈಜೋಡಿಸಬೇಕು, ಯಾವ ಊರಲ್ಲಿ, ಯಾವಾಗ, ಯಾರ ದುಡ್ಡಲ್ಲಿ? ಅದು ಬರಲ್ಲ. ಒಂದು ಕಥೆ ಮಾತ್ರ ಬೇರೆ ಥರ ಇತ್ತು. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು, ಈ ಕೆಲಸ ನಿಮಗೆ ಯಾಕೆ ಬಂತು ಅನ್ನೋದು ಗೊತ್ತಿರಲಿ. 1991ರಲ್ಲಿ ಎಂ.ಸಿ. ಮೆಹ್ತಾ ಅನ್ನೋ ವಕೀಲರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್, ಶಾಲೆ ಕಾಲೇಜುಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂತ ಹೇಳಿತು. ಆಮೇಲೆ ಯುಜಿಸಿ ಎಲ್ಲಾ ಪದವಿಗಳಿಗೂ ಆರು ತಿಂಗಳ ಪಠ್ಯ ಮಾಡಿತು. ಬಿ.ಕಾಂ. ಓದುವಾಗ ನನಗೂ ಪರಿಸರ ಒಂದು ಪೇಪರ್ ಆಗಿ ಬಂದದ್ದು ಆ ದಾರಿಯಲ್ಲೇ. ಯುಜಿಸಿಯ ಆ ಮೂಲ ಪಠ್ಯದಲ್ಲಿ 50 ತರಗತಿ, ಅದರಲ್ಲಿ 5 ತರಗತಿಯಷ್ಟು ಹೊತ್ತು ಕ್ಷೇತ್ರಕಾರ್ಯಕ್ಕೆ. ಹತ್ತಿರದ ಹೊಳೆನೋ ಗುಡ್ಡನೋ ಹೋಗಿ ನೋಡಿ ದಾಖಲಿಸಬೇಕು. ಹತ್ತಿರದಲ್ಲಿ ಕೆಟ್ಟಿರೋ ಒಂದು ಜಾಗಕ್ಕೆ ಹೋಗಿ ಬರಬೇಕು. ಇದಕ್ಕೆ 100ರಲ್ಲಿ 25 ಅಂಕ. ಈಗ ಪಠ್ಯಗಳು ಬದಲಾಗಿವೆ, ಅಂಕದ ಲೆಕ್ಕ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ಆದರೆ ಹೊರಗೆ ಹೋಗಿ ನೋಡಿ ಬಂದು ಹೇಳ್ರಿ ಅನ್ನೋ ಮಾತು ಮಾತ್ರ ಶುರುವಿನಿಂದಲೂ ಇದೆ. ಆ 25 ಅಂಕಕ್ಕೆ ಜೆರಾಕ್ಸ್ ಅಂಗಡಿಯಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಸಿಗುತ್ತೆ, ಅದು ನಿಮಗೂ ಗೊತ್ತು ನನಗೂ ಗೊತ್ತು. ನಗಬೇಡ್ರಿ.

ಈಗ ನಮ್ಮ ಊರಿಗೆ ಬರೋಣ. ಸಿಂಧನೂರು, ಲಿಂಗಸುಗೂರು, ಮಸ್ಕಿ. ಈ ಮೂರು ತಾಲೂಕಿನೊಳಗೆ ಬೈಕ್ ಮೇಲೆ ಒಂದು ದಿನ ತಿರುಗಿದರೆ ಸಾಕು. ಒಂದು ಕಡೆ ಕಣ್ಣು ಹಾಯಿಸಿದಷ್ಟೂ ನೆಲ್ಲಿನ ಗದ್ದೆ. ಇನ್ನೊಂದು ಕಡೆ ತೊಗರಿ, ಸಜ್ಜೆ, ಜೋಳ, ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ನಡುವೆ ಬದಲಾಗೋದು ಕಾಲುವೆ ಒಂದೇ. ಇಂಥ ಜಾಗದಲ್ಲಿ ಕೂತು ಹಿಮಕರಡಿ ಕಥೆ ಹುಡುಕೋದು ಯಾಕೆ?

ಒಂದು ಸಣ್ಣ ಲೆಕ್ಕ ಹೇಳ್ತೀನಿ, ಬರ್ಕೊಳ್ರಿ. ಪೇಪರ್‌ನಲ್ಲಿ ದಿನಾ ಟಿಎಂಸಿ, ಟಿಎಂಸಿ ಅಂತ ಓದ್ತೀವಲ್ಲ, 1 ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಎಕರೆ ಅಂದರೆ 43,560 ಚದರ ಅಡಿ. ಭಾಗಿಸಿದರೆ, 1 ಟಿಎಂಸಿ ನೀರು ಸುಮಾರು 23,000 ಎಕರೆ ಮೇಲೆ ಒಂದು ಅಡಿ ನಿಲ್ಲುತ್ತೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಈಗ 105.788 ಟಿಎಂಸಿಗೆ ಇಳಿದಿದೆ. ಕಳ್ಕೊಂಡಿದ್ದು ಸುಮಾರು 27 ಟಿಎಂಸಿ. ಅಂದರೆ 6 ಲಕ್ಷ ಎಕರೆ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರಿನ ಜಾಗ. ನಮ್ಮ ಎಡದಂಡೆ ಕಾಲುವೆಯ ಅಚ್ಚುಕಟ್ಟು ಇರೋದೇ ಸುಮಾರು 6 ಲಕ್ಷ ಎಕರೆ!

2024ರ ಆಗಸ್ಟ್ 10ರ ರಾತ್ರಿ ನಿಮಗೆಲ್ಲ ನೆನಪಿರಬೇಕು. ಡ್ಯಾಮಿನ 33 ಗೇಟ್‌ಗಳಲ್ಲಿ 19ನೇದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಒಂದು ವಾರ ಎಲ್ಲರ ಮೊಬೈಲ್‌ನಲ್ಲೂ ಅದೇ ವಿಡಿಯೋ. ಹರಿಯುವ ನೀರಿನ ನಡುವೆನೇ ಸ್ಟಾಪ್‌ಲಾಗ್ ಇಳಿಸಿದ್ದನ್ನ ಊರೂರಲ್ಲಿ ಕೂತು ನೋಡಿದ್ವಿ. ಹೂಳಿಗೆ ಅಂಥ ವಿಡಿಯೋ ಇಲ್ಲ. ಅದು ಎಪ್ಪತ್ತು ವರ್ಷದಿಂದ ಸದ್ದಿಲ್ಲದೆ ಬಂದು ಕೂತಿದೆ. ನಿಧಾನಕ್ಕೆ ಆಗೋ ನಷ್ಟವನ್ನ ಕ್ಯಾಮೆರಾ ಹಿಡಿಯಲ್ಲ, ಅದನ್ನ ಯಾರಾದರೂ ಕೂತು ಹೇಳಬೇಕು. ನಿಮ್ಮ ಐದು ನಿಮಿಷದ ಕಥೆ ಅದಕ್ಕೆ ಬೇಕು.

ಈಗ ಕಾಲುವೆಯ ಕಥೆ. 1953ರಲ್ಲಿ ನೀರು ಬಿಟ್ಟಾಗ ಇದು ಬರಗಾಲಕ್ಕೆ ಪರಿಹಾರ ಅಂತಾನೇ ಬಂದದ್ದು. ಆಗಿನ ಲೆಕ್ಕಾಚಾರ ಏನು ಅಂದರೆ, ಸ್ವಲ್ಪ ನೀರನ್ನ ಬಹಳ ಜನಕ್ಕೆ ಹಂಚಬೇಕು. ಜೋಳ, ಹತ್ತಿ, ಶೇಂಗಾ ಥರದ ಬೆಳೆ. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ಸರ್ಕಾರವೇ ಗುರುತು ಮಾಡಿತ್ತು, ನೆಲ್ಲಿಗೆ ಸಣ್ಣ ಪಾಲು. ಆದರೆ ಆಂಧ್ರದ ಕಡೆಯಿಂದ ಬಂದು ಕ್ಯಾಂಪ್ ಕಟ್ಟಿಕೊಂಡ ರೈತರಿಗೆ ನೆಲ್ಲಿನ ಬೇಸಾಯ ಗೊತ್ತಿತ್ತು. ಅವರನ್ನ ನೋಡಿ ಊರವರೂ ಹಿಡಿದರು. ನೆಲ್ಲು ದುಡ್ಡು ತಂತು. ಅಕ್ಕಿ ಗಿರಣಿ ಬಂದ್ವು, ಟ್ರ್ಯಾಕ್ಟರ್ ಬಂದ್ವು, ಇಲ್ಲಿ ಕೂತಿರೋ ಎಷ್ಟೋ ಜನರ ಕಾಲೇಜ್ ಫೀಸ್ ಬಂದದ್ದೂ ಅದರಿಂದಲೇ. ಇದು ಜಮೆ.

ಖರ್ಚಿನ ಕಡೆ ನೋಡ್ರಿ. ನೆಲ್ಲಿಗೆ ಒಂದು ಬೆಳೆಗೆ ಸುಮಾರು 1,200 ಮಿಲಿಮೀಟರ್ ನೀರು ಬೇಕು ಅಂತಾರೆ, ಅಂದರೆ ಹತ್ತಿರ ಹತ್ತಿರ ನಾಲ್ಕು ಅಡಿ. ಜೋಳಕ್ಕೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಮಳೆ, ಸೋರಿಕೆ ಎಲ್ಲ ಬಿಟ್ಟು ಬರೀ ಲೆಕ್ಕ ಹಾಕಿದರೆ 1 ಟಿಎಂಸಿಯಲ್ಲಿ ನೆಲ್ಲು ಆರು ಸಾವಿರ ಎಕರೆಯೂ ದಾಟಲ್ಲ. ಮೇಲ್ಭಾಗದಲ್ಲಿ ಒಂದು ಎಕರೆ ಹೆಚ್ಚಿಗೆ ನೆಲ್ಲು ಹಚ್ಚಿದರೆ ಕೆಳಭಾಗದಲ್ಲಿ ಎರಡು ಎಕರೆ ಜೋಳದ ನೀರು ಹೋಯ್ತು. ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರು ವರ್ಷಾ ವರ್ಷಾ ರಸ್ತೆಗೆ ಇಳಿದು ‘ಗೇಜ್ ಕಾಪಾಡ್ರಿ’ ಅಂತ ಕೂಗೋದು ಇದಕ್ಕೇ. ಕೆಳಗಿನ ಹೊಲದ ಹೆಸರಿಗೆ ಬಿದ್ದ ಖರ್ಚು ಅದು.

ಇಷ್ಟೇ ಆಗಿದ್ದರೆ ಮೇಲಿನವರು ಗೆದ್ದರು, ಕೆಳಗಿನವರು ಸೋತರು ಅಂತ ಕಥೆ ಮುಗಿಸಬಹುದಿತ್ತು. ಹಂಗಿಲ್ಲ. ಕರಿ ಮಣ್ಣಲ್ಲಿ ನೀರು ಸುಲಭವಾಗಿ ಬಸಿಯಲ್ಲ. ವರ್ಷಕ್ಕೆ ಎರಡು ಸಲ ನೀರು ನಿಲ್ಲಿಸ್ತಾ ಹೋದರೆ ಕೆಳಗಿನ ನೀರು ಮೇಲಕ್ಕೆ ಬರುತ್ತೆ, ಬರುವಾಗ ಉಪ್ಪನ್ನೂ ಎತ್ತಿಕೊಂಡು ಬರುತ್ತೆ. ಹೊಲ ಮೊದಲು ಜವಳು, ಆಮೇಲೆ ಸವಳು. ಬೆಳ್ಳಗೆ ಪುಡಿ ಕೂತ ಹೊಲಗಳನ್ನ ನೀವು ನೋಡೇ ಇರ್ತೀರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಸವಳು ಭೂಮಿಯ ಮೇಲೇ ಕೆಲಸ ಮಾಡುತ್ತೆ. ನೆಲದೊಳಗೆ ತೂತಿರೋ ಪೈಪ್ ಹಾಕಿ ಉಪ್ಪುನೀರು ಬಸಿಯೋದು ಒಂದು ದಾರಿ. ಒಳ್ಳೇ ದಾರಿನೇ. ಆದರೆ ಬಸಿದ ನೀರು ಹಳ್ಳಕ್ಕೆ ಹೋಗುತ್ತೆ. ಆ ಹಳ್ಳದ ಕೆಳಗೆ ಯಾವ ಊರಿದೆ, ಅಲ್ಲಿ ದನ ಆ ನೀರು ಕುಡೀತಾವಾ? ನಿಮ್ಮ ಕಥೆ ಆ ಊರಿನ ತನಕ ಹೋಗಬೇಕು.

ಇನ್ನು ನಮ್ಮ ಮಸ್ಕಿ ತಾಲೂಕು. 2020ರ ನವೆಂಬರ್‌ನಲ್ಲಿ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಧರಣಿ ಕೂತರು. ದಿನ ಅಲ್ಲ, ತಿಂಗಳುಗಟ್ಟಲೆ. ಸರ್ಕಾರ ನಂದವಾಡಗಿ ಏತ ನೀರಾವರಿ ತೋರಿಸ್ತು, ಅವರು ನಮಗೆ ಹರಿಯೋ ನೀರೇ ಬೇಕು ಅಂದರು. ಅಂದರೆ ಒಂದು ಕಡೆ ನೀರು ಹೆಚ್ಚಾಗಿ ಹೊಲ ಸವಳಾಗ್ತಿದೆ, ಇನ್ನೊಂದು ಕಡೆ ನೀರು ಬರಲಿ ಅಂತ ಜನ ಚಳಿ ಬಿಸಿಲು ನೋಡದೆ ಕೂತಿದ್ದರು. ಇದು ಪರಿಸರದ ಕಥೆನೋ ನೀರಾವರಿ ಕಥೆನೋ ರಾಜಕೀಯದ ಕಥೆನೋ ಅಂತ ನನ್ನ ಕೇಳಬೇಡ್ರಿ. ಮೂರೂ ಹೌದು.

ನೆದರ್ಲೆಂಡ್ಸ್‌ನಿಂದ ಪೀಟರ್ ಮೊಲ್ಲಿಂಗಾ ಅನ್ನೋ ಸಂಶೋಧಕರು 1990ರ ದಶಕದಲ್ಲಿ ಇದೇ ಎಡದಂಡೆ ಕಾಲುವೆ ಮೇಲೆ ಓಡಾಡಿ ಒಂದು ದೊಡ್ಡ ಪುಸ್ತಕ ಬರೆದರು, ‘ಆನ್ ದ ವಾಟರ್‌ಫ್ರಂಟ್’ ಅಂತ. ಅವರು ನೋಡಿದ್ದು ಏನು? ನೀರು ಕಾಗದದ ಮೇಲಿನ ನಿಯಮದಂತೆ ಹರಿಯಲ್ಲ. ರೈತರು, ತೂಬಿನ ಹತ್ತಿರ ಇರೋ ಗ್ಯಾಂಗ್‌ಮನ್, ಇಂಜಿನಿಯರ್, ರಾಜಕಾರಣಿ, ಇವರೆಲ್ಲರ ನಡುವಿನ ದಿನದಿನದ ಮಾತುಕತೆ, ಜಗಳ, ಒಪ್ಪಂದದಂತೆ ಹರಿಯುತ್ತೆ. ಅಷ್ಟು ದೂರದಿಂದ ಬಂದು ಅವರು ತೂಬಿನ ಹತ್ತಿರ ನಿಂತು ನೋಡಿದರು. ನಿಮ್ಮಲ್ಲಿ ಎಷ್ಟೋ ಜನರ ಅಪ್ಪ, ಕಾಕಾ ರಾತ್ರಿ ಬ್ಯಾಟರಿ ಹಿಡ್ಕೊಂಡು ಅದೇ ತೂಬಿಗೆ ಹೋಗ್ತಾರೆ. ನಿಮಗೆ ಆ ಕಥೆ ಮನೆಯಲ್ಲೇ ಇದೆ.

ಇಲ್ಲೇ ಕಷ್ಟ ಶುರುವಾಗೋದು. ಮನೆಯಲ್ಲಿರೋ ಕಥೆ ಹೇಳೋದು ಸುಲಭ ಅಲ್ಲ. ಕಾಲೇಜಿನಲ್ಲಿ ನಿಂತು ‘ಮೇಲ್ಭಾಗದಲ್ಲಿ ಅನಧಿಕೃತವಾಗಿ ನೀರು ಎತ್ತುತ್ತಾರೆ’ ಅಂತ ಹೇಳಿದರೆ, ಪಕ್ಕದ ಬೆಂಚಿನಲ್ಲಿ ಕೂತವನ ಅಪ್ಪನೇ ಅದು ಆಗಿರಬಹುದು. ನಿಮ್ಮಪ್ಪನೇ ಆಗಿರಬಹುದು. ಆಗ ಏನು ಮಾಡ್ತೀರಿ? ಪ್ಲಾಸ್ಟಿಕ್ ಕಥೆ ಹೇಳ್ತೀರಿ. ಯಾರಿಗೂ ನೋವಾಗಲ್ಲ. ನನಗೆ ಅದು ಅರ್ಥ ಆಗುತ್ತೆ. ಆದರೆ ಒಂದು ದಾರಿ ಇದೆ. ಅಪ್ಪನನ್ನ ಕಳ್ಳ ಅಂತ ತೋರಿಸೋದು ಬೇಡ, ಅಪ್ಪನ ಲೆಕ್ಕ ಕೇಳ್ರಿ. ನೆಲ್ಲು ಬಿಟ್ಟು ಜೋಳ ಹಾಕಿದರೆ ಎಕರೆಗೆ ಎಷ್ಟು ಕಡಿಮೆ ಬರುತ್ತೆ? ಸಾಲ ಎಲ್ಲಿಂದ ತಂದಿದ್ದು, ನೆಲ್ಲು ಅಂತ ತಂದಿದ್ದಾ? ಪಕ್ಕದ ಗದ್ದೆಯಲ್ಲಿ ನೀರು ನಿಂತಿರುವಾಗ ನಡುವೆ ಒಣ ಬೆಳೆ ಹಾಕೋಕೆ ಆಗುತ್ತಾ? ಈ ಉತ್ತರಗಳನ್ನ ರೆಕಾರ್ಡ್ ಮಾಡ್ರಿ. ಬೈಗುಳಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತೆ.

ಈಗ ಆ ಒಂದು ಕಥೆಗೆ ಬರ್ತೀನಿ. ಹೆಸರು ಹೇಳಬೇಡ್ರಿ ಅಂದಿದ್ದಾಳೆ ಆ ತಂಗಿ, ಹೇಳಲ್ಲ. ಅವಳು ಆರಿಸಿಕೊಂಡದ್ದು ಕೂರಿಗೆ ಭತ್ತ. ಅಂದರೆ ಸಸಿ ಮಡಿ ಮಾಡಿ, ಗದ್ದೆ ಕೆಸರು ಮಾಡಿ, ಸಸಿ ಹಚ್ಚೋದು ಬಿಟ್ಟು, ನೇರವಾಗಿ ಕೂರಿಗೆಯಲ್ಲಿ ಬೀಜ ಬಿತ್ತೋದು. ನಮ್ಮ ಭಾಗದಲ್ಲಿ, ಅದರಲ್ಲೂ ನೀರು ತಡವಾಗಿ ಮುಟ್ಟೋ ಕೆಳಭಾಗದಲ್ಲಿ ಇದು ಹಬ್ಬಿದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರೂ ಇದನ್ನ ಹೇಳಿಕೊಡ್ತಾರೆ. ಕಾಲುವೆಗೆ ನೀರು ಬರೋ ತನಕ ಕಾಯಬೇಕಿಲ್ಲ, ಮಳೆಗೇ ಬಿತ್ತಬಹುದು. ನೀರು ಉಳಿಯುತ್ತೆ, ಸಸಿ ಹಚ್ಚೋ ಖರ್ಚು ಉಳಿಯುತ್ತೆ. ಗದ್ದೆಯಲ್ಲಿ ಸದಾ ನೀರು ನಿಲ್ಲದೇ ಇದ್ದರೆ ಮೀಥೇನ್ ಕೂಡ ಕಡಿಮೆ. ಭೂಮಿ ಬಿಸಿ ಏರಿಸೋ ಅನಿಲಗಳಲ್ಲಿ ಅದೂ ಒಂದು.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೇ ‘ಪರಿಹಾರದ ಕಥೆ’ ಆಗ್ತಿತ್ತು, ಬಹುಮಾನನೂ ಬರ್ತಿತ್ತು. ಅವಳು ಮುಂದೆ ಹೋದಳು. ಅವರ ಅವ್ವ ಸಸಿ ಹಚ್ಚೋ ಹೆಣ್ಣುಮಕ್ಕಳ ಗುಂಪಿನಲ್ಲಿ ಕೆಲಸ ಮಾಡೋರು. ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡಿದು, ಬೆಳಗ್ಗೆ ಟಂಟಂನಲ್ಲಿ ಹೋಗಿ, ಸೊಂಟ ಬಗ್ಗಿಸಿ ಸಂಜೆ ತನಕ. ಆ ತಿಂಗಳ ಕೂಲಿಯಲ್ಲೇ ಇವಳ ಕಾಲೇಜಿನ ಪ್ರವೇಶದ ದುಡ್ಡು. ಯಜಮಾನರು ಕೂರಿಗೆಗೆ ಹೋದರು, ಗುಂಪಿಗೆ ಕೆಲಸ ಕಡಿಮೆ ಆಯ್ತು. ಕೂರಿಗೆ ಭತ್ತದಲ್ಲಿ ಕಳೆ ಜಾಸ್ತಿ, ಅದನ್ನ ಕೀಳೋಕಾದರೂ ಕರೀತಾರೆ ಅಂತ ಅವ್ವ ಅಂದ್ಕೊಂಡಿದ್ದರಂತೆ. ಕಳೆನಾಶಕ ಹೊಡೆದು ಮುಗಿಸಿದರು. ರೆಕಾರ್ಡಿಂಗ್‌ನ ಕೊನೆಗೆ ಅವಳು ಹೇಳಿದ್ದು ಇಷ್ಟೇ: ‘ನೀರು ಉಳೀತು ಸರ್. ನಮ್ಮವ್ವನ ಕೆಲಸ ಉಳೀಲಿಲ್ಲ. ಕೂರಿಗೆ ಬೇಡ ಅಂತ ನಾ ಹೇಳಲ್ಲ. ನಮ್ಮನ್ನೂ ಲೆಕ್ಕಕ್ಕೆ ತಗೊಳ್ರಿ ಅಂತೀನಿ.’

ಬಿ.ಕಾಂ.ನಲ್ಲಿ ನಮಗೆ ಮೊದಲ ವಾರ ಹೇಳಿಕೊಡೋದು ಇದೇ. ಒಂದು ಕಡೆ ಜಮೆ ಬಂದರೆ ಇನ್ನೊಂದು ಕಡೆ ಖರ್ಚು ಇರಲೇಬೇಕು. ಖರ್ಚು ಕಾಣ್ತಿಲ್ಲ ಅಂದರೆ ಅದು ಬೇರೆ ಯಾರದೋ ಪುಸ್ತಕದಲ್ಲಿ ಬರೆದುಬಿಟ್ಟಿದೆ ಅಂತ ಅರ್ಥ. ಅವಳು ಓದ್ತಿರೋದು ಬಿ.ಎ., ಆದರೂ ಆ ಪುಸ್ತಕ ಹುಡುಕಿ ತಂದಳು. ಅದನ್ನ ಕೇಳಿದ ಮೇಲೆ ಕೂರಿಗೆ ಭತ್ತದ ಬಗ್ಗೆ ಮಾತಾಡೋ ಯಾರೇ ಆದರೂ ಒಂದು ಪ್ರಶ್ನೆ ಹೆಚ್ಚಿಗೆ ಕೇಳಬೇಕಾಗುತ್ತೆ. ಉಳಿದ ದುಡ್ಡಿನಲ್ಲಿ ಕೂಲಿಯವರಿಗೆ ಏನು? ಆ ತಿಂಗಳಲ್ಲಿ ಅವರಿಗೆ ಬೇರೆ ಕೆಲಸ ಸಿಗುತ್ತಾ? ಈ ಪ್ರಶ್ನೆ ಎದ್ದ ಮೇಲೆನೇ ಪರಿಹಾರ ಪೂರ್ತಿ ಆಗೋ ದಾರಿ ಹಿಡಿಯೋದು.

ಪರಿಹಾರವನ್ನ ಹೀಗೆ ಪೂರ್ತಿಯಾಗಿ ಹೇಳಿದ ಒಂದು ಹಳೇ ಉದಾಹರಣೆ ನಮ್ಮ ಹೊಳೆಯ ಮೇಲ್ಭಾಗದಲ್ಲೇ ಇದೆ. ತುಂಗಭದ್ರೆ ನಮ್ಮ ಕಡೆ ಬರೋ ಮೊದಲು ಹಾವೇರಿ ಸೀಮೆ ದಾಟಿ ಬರ್ತಾಳೆ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಕಂಪನಿ ಮಾಡಿ, ಸುಮಾರು 75,000 ಎಕರೆ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸೋಕೆ ಹೊರಟರು. ನೋಡೋಕೆ ಅದೂ ಹಸಿರೇ, ಗಿಡ ನೆಡೋದೇ. ಆದರೆ ಅದು ಹಳ್ಳಿಯವರು ದನ ಮೇಯಿಸೋ, ಕಟ್ಟಿಗೆ ತರೋ ಭೂಮಿ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತರು. ಕಿತ್ತ ಜಾಗದಲ್ಲೇ ಊರಿಗೆ ಬೇಕಾದ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಹೆಸರೇ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಮುಂದೆ ಇದ್ದರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟ್ ಅರ್ಜಿಗೆ ಹೆಸರು ಕೊಟ್ಟರು. 1991ರಲ್ಲಿ ಕಂಪನಿ ಮುಚ್ಚಿತು. ನನಗೆ ಇಷ್ಟ ಆಗೋದು ಆ ಹೆಸರು. ಯಾವುದು ಬೇಡ, ಯಾವುದು ಬೇಕು, ಎರಡೂ ಅದರಲ್ಲಿದೆ. ಯಾರಿಗೆ ಬೇಕು ಅನ್ನೋದೂ ಇದೆ.

ಹಾಗಾದರೆ ನೀವು ಏನು ಮಾಡಬೇಕು? ನಿಮ್ಮ ಕಥೆಗಳನ್ನ ವಾಪಸ್ ತಗೊಂಡು ಹೋಗ್ರಿ, ಹದಿನೈದು ದಿನ ಟೈಮ್ ಕೇಳ್ಕೊಳ್ರಿ. ಒಂದು ಜಾಗ ಆರಿಸ್ರಿ. ಜಿಲ್ಲೆ ಬೇಡ, ಒಂದು ಹಳ್ಳ, ಒಂದು ತೂಬು, ಒಂದು ಹೊಲ ಸಾಕು. ಅಲ್ಲಿಗೆ ಎರಡು ಸಲ ಹೋಗ್ರಿ, ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ. ತೂಬಿನ ಹತ್ತಿರ ಹಗಲು ಇರೋದು ಬೇರೆ, ರಾತ್ರಿ ಇರೋದು ಬೇರೆ. ಹೆಣ್ಣುಮಕ್ಕಳು ರಾತ್ರಿ ಹೋಗೋಕೆ ಆಗಲ್ಲ ಅಂದರೆ ಬೇಡ, ಅವ್ವಂದಿರ ಜೊತೆ ಕೂಲಿಗೆ ಒಂದು ದಿನ ಹೋಗ್ರಿ. ಸಂಖ್ಯೆ ಒಂದಾದರೂ ಇರಲಿ, ನೀವೇ ಎಣಿಸಿದ್ದು. ಎಷ್ಟು ದಿನ ನೀರು ಬಂತು, ಎಷ್ಟು ಎಕರೆ ಸವಳಾಯ್ತು, ಎಷ್ಟು ದಿನ ಕೂಲಿ ಸಿಕ್ತು.

ಕಟಾವು ಯಂತ್ರ ಹೋದ ಮೇಲೆ ನೆಲ್ಲುಹುಲ್ಲಿಗೆ ಬೆಂಕಿ ಇಡೋದು ನೋಡಿದ್ದೀರಿ. ಹೊಗೆ ಫೋಟೋ ತೆಗೆಯೋದು ಸುಲಭ. ಯಾಕೆ ಸುಡ್ತಾರೆ, ಮುಂದಿನ ಬೆಳೆಗೆ ಎಷ್ಟು ದಿನ ಉಳಿದಿದೆ, ಹುಲ್ಲು ಕಟ್ಟಿಸೋಕೆ ಎಕರೆಗೆ ಎಷ್ಟು ಕೇಳ್ತಾರೆ, ಅದೇ ಹುಲ್ಲಿಗೆ ಲಿಂಗಸುಗೂರು ಕಡೆ ದನ ಸಾಕಿದವರು ಎಷ್ಟು ಕೊಡ್ತಾರೆ, ಇದನ್ನ ವಿಚಾರಿಸಿಕೊಂಡು ಬಂದರೆ ಅದು ಕಥೆ. ಸುಡೋ ಊರು ಮತ್ತು ಮೇವಿಲ್ಲದ ಊರು ಒಂದೇ ಬಸ್ಸಿನ ದಾರಿಯಲ್ಲಿವೆ.

ಮತ್ತೆ ಕೊನೆಯದು. ಯಾರ ಮಾತು ರೆಕಾರ್ಡ್ ಮಾಡ್ತೀರೋ ಅವರಿಗೆ ಮೊದಲು ಕೇಳ್ರಿ. ಹೆಸರು ಬೇಡ ಅಂದರೆ ಹಾಕಬೇಡ್ರಿ. ಕೂಲಿ ಮಾಡೋರ ಹೆಸರು ಹೊರಗೆ ಬಂದರೆ ಮುಂದಿನ ಸುಗ್ಗಿಗೆ ಅವರನ್ನ ಕರೆಯದೇ ಇರಬಹುದು, ನಿಮಗೆ ಅಂಕ ಬರುತ್ತೆ, ಅವರಿಗೆ ಕೆಲಸ ಹೋಗುತ್ತೆ. ಆ ಖರ್ಚೂ ನಿಮ್ಮ ಲೆಕ್ಕದಲ್ಲೇ ಬರಬೇಕು. ಕಥೆ ಮುಗಿದ ಮೇಲೆ ಕಾಲೇಜಿಗೆ ಕೊಡೋಕೆ ಮುಂಚೆ ಅವರಿಗೆ ಒಂದು ಸಲ ಕೇಳಿಸ್ರಿ. ಅವರು ‘ಇದು ಹಂಗಲ್ಲ ತಮ್ಮಾ’ ಅಂದರೆ ತಿದ್ದಿಕೊಳ್ರಿ.

ಹೊಸದಾಗಿ ಮಾಡಿದ ಕಥೆಗಳಲ್ಲಿ ಒಪ್ಪಿಗೆ ಇರೋದನ್ನ ಈ ಪಾಡ್‌ಕಾಸ್ಟ್‌ನಲ್ಲೇ ಹಾಕ್ತೀನಿ, ಕತ್ತರಿಸದೆ, ನಿಮ್ಮೂರಿನ ಮಾತಿನಲ್ಲೇ. ಗಾಳಿ ಸದ್ದು, ಟ್ರ್ಯಾಕ್ಟರ್ ಸದ್ದು ಬಂದರೂ ಪರವಾಗಿಲ್ಲ. ಈಗ ಪ್ರಶ್ನೆ ಇದ್ದರೆ ಕೇಳ್ರಿ, ಹಿಂದಿನ ಬೆಂಚಿನವರು ಮೊದಲು.

ಅಲ್ಲಿ ಆಡಿದ ಮಾತು ಇಷ್ಟು. ಪ್ರಶ್ನೋತ್ತರ ಉದ್ದ ಆಯ್ತು, ಅದನ್ನ ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಮೇಲ್ಭಾಗದ ಒಬ್ಬ ರೈತರ ಮಗ ನನ್ನ ಜೊತೆ ಚೆನ್ನಾಗಿ ವಾದ ಮಾಡಿದ್ದಾನೆ, ಅದನ್ನೂ ಕೇಳಿಸ್ತೀನಿ. ನಿಮ್ಮ ಊರಿನ ಕಾಲೇಜಿನಲ್ಲಿ ಇಂಥ ಕಥೆ ಮಾಡಿದ್ದರೆ ಕಳಿಸ್ರಿ.